ಮೊದಲು ನಳಿಗೆಯ ತಿರುಪು, ಆಮೇಲೆ ಗುಂಡು, ಕೊನೆಗೆ ಮದ್ದು

ಅಮೆರಿಕದಲ್ಲಿ ಮಝಲ್‌ಲೋಡರ್ (ಬಾಯಿಯಿಂದ ಮದ್ದು, ಗುಂಡು ತುಂಬುವ ಕೋವಿ) ಬೇಟೆಯ ಸೀಸನ್ ಹತ್ತಿರ ಬಂತೆಂದರೆ ಹೊಸಬರು ಕೇಳುವುದು ಒಂದೇ ಪ್ರಶ್ನೆ: .50 ಕ್ಯಾಲಿಬರ್‌ಗೆ (ಅರ್ಧ ಇಂಚಿನ ನಳಿಗೆಗೆ) ಎಷ್ಟು ಗ್ರೇನ್ (ಮದ್ದು, ಗುಂಡು ಅಳೆಯುವ ಸಣ್ಣ ಮಾನ) ಮದ್ದು ಹಾಕಬೇಕು? ನಿಮ್ಮ ನಳಿಗೆಯ ತಿರುಪು, ಅಂದರೆ ಒಳಗಿನ ಸುರುಳಿ ಗೆರೆಗಳು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತವೆ ಎಂಬುದು, ಗೊತ್ತಾಗದೆ ಇದಕ್ಕೆ ಉತ್ತರವಿಲ್ಲ. ಮಲೆನಾಡಿನ ಕೇಪು ಕೋವಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅವುಗಳ ನಳಿಗೆಯ ಒಳಗೆ ಗೆರೆಗಳೇ ಇರುವುದಿಲ್ಲ. (ಅಲ್ಲಿ ಬೇಟೆಗೆ ಅವಕಾಶವೂ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇಲ್ಲಿ ಬರೆದದ್ದೆಲ್ಲ ಲೈಸೆನ್ಸ್ ಪಡೆದು ಅಮೆರಿಕದಲ್ಲಿ ಬೇಟೆಯಾಡುವವರಿಗೆ.)

60ರಿಂದ 66 ಇಂಚಿಗೆ ಒಂದು ಸುತ್ತು ತಿರುಗುವ ನಿಧಾನ ತಿರುಪಿಗೆ ಬಟ್ಟೆ ಸುತ್ತಿದ ದುಂಡು ಸೀಸದ ಗುಂಡೇ ಸರಿ. 28 ಇಂಚಿಗೆ ಒಂದು ಸುತ್ತಿನ ಬಿರುಸು ತಿರುಪಿನ, ಕಿಡಿ ನೇರ ಹಿಂದಿನಿಂದ ತಗಲುವ ಇನ್‌ಲೈನ್ ಕೋವಿಗೆ ಉದ್ದನೆಯ ಗುಂಡು ಬೇಕು: ಪ್ಲಾಸ್ಟಿಕ್ ಸ್ಯಾಬೋ (ಗುಂಡನ್ನು ಹಿಡಿದಿಡುವ ಕವಚ) ಒಳಗಿನ 240–300 ಗ್ರೇನ್ ಗುಂಡು, ಇಲ್ಲವೇ ಸೀಸದ ಕಾನಿಕಲ್ (ಮೊನೆಯಿರುವ ಉದ್ದ ಗುಂಡು). 48 ಇಂಚಿನದು ನಡುವಿನ ರಾಜಿ; ಎರಡನ್ನೂ ಹೊಡೆದೇ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸ ನಿಷಿದ್ಧ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕದ ಗುಂಡು ಇನ್ನೂ ಉದ್ದವಾಗುತ್ತದೆ, ಬಿರುಸು ತಿರುಪನ್ನೇ ಬೇಡುತ್ತದೆ.

ದುಂಡು ಗುಂಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. .50 ನಳಿಗೆಗೆ .490 ಇಂಚಿನ ಗುಂಡು, ಸುಮಾರು 177 ಗ್ರೇನ್ ತೂಕ. ಬಟ್ಟೆ .015 ದಪ್ಪ ಅಂದುಕೊಳ್ಳಿ. ಎರಡೂ ಬದಿ ಸೇರಿ .520 ಆಯಿತು, ಅಂದರೆ ನಳಿಗೆಗಿಂತ ಹೆಚ್ಚು. ಆ ಹೆಚ್ಚಿನ ಬಟ್ಟೆಯೇ ಗೆರೆಗಳಲ್ಲಿ ಒತ್ತಿ ಕೂತು ಗುಂಡನ್ನು ತಿರುಗಿಸುವುದು. ಗುಂಡು ಮೆತ್ತಗಿನ ಶುದ್ಧ ಸೀಸದ್ದಾಗಿರಲಿ. ಕಾರಿನ ಚಕ್ರಕ್ಕೆ ಹಾಕುವ ಹಳೆಯ ಸೀಸದ ತೂಕಗಳನ್ನು ಕರಗಿಸಿ ಎರಕ ಹೊಯ್ದರೆ ಗಟ್ಟಿಯಾಗುತ್ತದೆ, ಇಳಿಸುವುದೇ ಕಷ್ಟ.

ಹೊಡೆದ ಮೇಲೆ ಮುಂದೆ ಬಿದ್ದ ಬಟ್ಟೆಯನ್ನು ಹುಡುಕಿ ತನ್ನಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಂಚು ಬಿಚ್ಚಿಕೊಂಡು ನಡುಭಾಗ ಕಪ್ಪಾಗಿ ಇಡಿಯಾಗಿದ್ದರೆ ಸರಿ. ತೂತು ಸುಟ್ಟಿದ್ದರೆ ಬಟ್ಟೆ ತೆಳು, ಇಲ್ಲವೇ ಎಣ್ಣೆ ಕಡಿಮೆ, ಇಲ್ಲವೇ ಮದ್ದು ಹೆಚ್ಚು. ಕತ್ತರಿಸಿದಂತೆ ಸೀಳಿದ್ದರೆ ನಳಿಗೆಯ ಬಾಯಂಚು ಚೂಪಾಗಿದೆ ಎಂದರ್ಥ.

ಈಗ ಮದ್ದು. .50ಕ್ಕೆ ಸಾಮಾನ್ಯವಾಗಿ ಎರಡು ಎಫ್ ಕಪ್ಪು ಮದ್ದು (ಎಫ್ ಅನ್ನುವುದು ಕಾಳಿನ ಗಾತ್ರದ ಗುರುತು, ಹೆಚ್ಚಿದಷ್ಟೂ ಕಾಳು ಸಣ್ಣ). ಸಣ್ಣ ಕಾಳಿನ ಮೂರು ಎಫ್ ಬೇಗ ಉರಿದು ಒತ್ತಡ ಏರಿಸುತ್ತದೆ, ಅದನ್ನು ಬಳಸಿದರೆ ಶೇ. 10–15 ಇಳಿಸಿ. ಕೋವಿ ತಯಾರಕರ ಪುಸ್ತಕದ ಗರಿಷ್ಠ ಮಿತಿ ನೋಡಿಕೊಂಡು 60 ಗ್ರೇನ್‌ನಿಂದ ಶುರುಮಾಡಿ. 50 ಗಜದಲ್ಲಿ ಪ್ರತಿ ಅಳತೆಗೆ 3–5 ಗುಂಡು ಹೊಡೆದು, ಐದೈದು ಗ್ರೇನ್ ಏರಿಸುತ್ತ ಹೋಗಿ. ಪ್ರತಿ ಗುಂಡಿನ ನಡುವೆ ಒಮ್ಮೆ ಒದ್ದೆ ಬಟ್ಟೆ, ಒಮ್ಮೆ ಒಣ ಬಟ್ಟೆ ಆಡಿಸಿ. ಇಲ್ಲದಿದ್ದರೆ ಮಸಿಯ ಪ್ರಭಾವವನ್ನೇ ಮದ್ದಿನದೆಂದು ಅಳೆದಂತೆ. ಗುರಿಹಲಗೆಯ ಮೇಲಿನ ತೂತುಗಳ ಗುಂಪು ಬಿಗಿಯಾಗುತ್ತ ಬಂದು ಒಂದು ಹಂತದಲ್ಲಿ ಚದುರಲು ತೊಡಗುತ್ತದೆ. ಚದುರುವ ಮುಂಚಿನ ಅಳತೆಯೇ ನಿಮ್ಮದು. ಬಿಳಿಬಾಲದ ಜಿಂಕೆಗೆ ಅದು ಬಹುಪಾಲು 70–90ರಲ್ಲಿ ಸಿಗುತ್ತದೆ.

ಅದಕ್ಕಿಂತ ಹೆಚ್ಚು ತುಂಬುವುದು ವ್ಯರ್ಥ ಅನ್ನುವುದಕ್ಕೆ ಲೆಕ್ಕ ಇದೆ. 90 ಗ್ರೇನ್‌ಗೆ ದುಂಡು ಗುಂಡು ಸೆಕೆಂಡಿಗೆ ಸುಮಾರು 1,800 ಅಡಿ ವೇಗದಲ್ಲಿ ಹೊರಟರೂ 100 ಗಜ ಮುಟ್ಟುವಾಗ ಅದರಲ್ಲಿ ಶೇ. 40ರಷ್ಟು ಗಾಳಿಗೆ ಹೋಗಿರುತ್ತದೆ. ವೇಗ ಹೆಚ್ಚಾದಷ್ಟೂ ಈ ನಷ್ಟವೂ ಹೆಚ್ಚು. ಹೀಗಾಗಿ 75 ಗಜದೊಳಗೆ ಹೊಡೆಯಿರಿ. ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ಮದ್ದು ಏರಿಸುವ ಬದಲು ಗುಂಡಿನ ತೂಕ ಏರಿಸಿ: ನಳಿಗೆ ಒಪ್ಪಿದರೆ 370 ಗ್ರೇನ್ ಕಾನಿಕಲ್.

ಕಪ್ಪು ಮದ್ದಿನ ಜಾಗದಲ್ಲಿ ಬಳಸುವ ಬದಲಿ ಮದ್ದುಗಳಲ್ಲಿ ಅಪಾಯ ಹುಟ್ಟುವುದು ಅಳತೆಯಲ್ಲಿ. ಕಪ್ಪು ಮದ್ದಿನ ‘ಗ್ರೇನ್’ ಅಳತೆ ಪಾತ್ರೆಯ ಗಾತ್ರದ್ದು. ಪೈರೋಡೆಕ್ಸ್ ಅದೇ ಗಾತ್ರದಲ್ಲಿ ಹಾಕುವಂಥದ್ದು, ತೂಕದಲ್ಲಿ ಹಗುರ. ಟ್ರಿಪಲ್ ಸೆವೆನ್ ಬಿರುಸು, ಶೇ. 15 ಕಡಿಮೆ ಹಾಕಿ. ಬ್ಲ್ಯಾಕ್‌ಹಾರ್ನ್ 209 ಆದರೆ ಗಾತ್ರದ 100 ಗ್ರೇನ್ ಅಂದರೆ ತಕ್ಕಡಿಯಲ್ಲಿ ಸುಮಾರು 70. ತಕ್ಕಡಿಯಲ್ಲೇ 100 ತೂಗಿದರೆ ಭಾರೀ ಹೆಚ್ಚಾಯಿತು. ಅದಕ್ಕೆ 209 ಪ್ರೈಮರ್ (ಶಾಟ್‌ಗನ್ ತೋಟಾದಲ್ಲಿರುವ ಬಿರುಸು ಕಿಡಿಯ ಸಾಧನ) ಬೇಕು, ಕೇಪಿನ ಕಿಡಿ ಸಾಲದು. ಆಧುನಿಕ ಹೊಗೆರಹಿತ ಮದ್ದನ್ನು, ಅದಕ್ಕೆಂದೇ ಮಾಡಿದ ಕೋವಿಯಲ್ಲದೆ, ಚಿಟಿಕೆಯಷ್ಟೂ ಹಾಕಬೇಡಿ, ನಳಿಗೆ ಸಿಡಿಯುತ್ತದೆ. ಡಬ್ಬಿಯಿಂದ ನೇರ ನಳಿಗೆಗೆ ಸುರಿಯುವುದೂ ಬೇಡ. ಒಳಗೊಂದು ಕೆಂಡ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

ಮದ್ದನ್ನೇ ಒತ್ತಿ ಮಾಡಿದ 50 ಗ್ರೇನ್ ಉಂಡೆಗಳು ಅನುಕೂಲವೇನೋ ಹೌದು, ಆದರೆ ಐದೈದಾಗಿ ಬದಲಿಸಲು ಬರುವುದಿಲ್ಲ. ಕೊಲೊರಾಡೋದ ಮಝಲ್‌ಲೋಡರ್ ಸೀಸನ್‌ನಲ್ಲಂತೂ ಉಂಡೆಯೂ ಇಲ್ಲ, ಸ್ಯಾಬೋ ಇಲ್ಲ, ದುರ್ಬೀನೂ ಇಲ್ಲ; ಎಲ್ಕ್‌ಗೆ ಕನಿಷ್ಠ .50. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ನಂತರದ ಸೀಸನ್ ಚಕಮಕಿ ಕೋವಿಗೆ ಮೀಸಲು. ಸಾಮಾನು ಕೊಳ್ಳುವ ಮೊದಲು ಆ ವರ್ಷದ ನಿಯಮ ಓದಿ.

ಅಳತೆ ನಿಂತ ಮೇಲೆ ಗುಂಡು ನೂಕಿ ಇಳಿಸುವ ಕೋಲಾದ ರ‍್ಯಾಮ್‌ರಾಡ್ ಮೇಲೆ ಎರಡು ಗೆರೆ ಎಳೆಯಿರಿ: ಖಾಲಿ ನಳಿಗೆಗೆ ಒಂದು, ತುಂಬಿದ ನಳಿಗೆಗೆ ಒಂದು. ಗುಂಡು ಮದ್ದಿನ ಮೇಲೆ ಒತ್ತಿ ಕೂತಿರಬೇಕು. ನಡುವೆ ಸಂದು ಉಳಿದರೆ ನಳಿಗೆ ಉಬ್ಬಬಹುದು. ಸಡಿಲ ಕಾನಿಕಲ್ ತುಂಬಿ, ಬಾಯಿ ಕೆಳಗೆ ಮಾಡಿ ಕಾಡಿನಲ್ಲಿ ನಡೆದರೆ ಗುಂಡು ಮೆಲ್ಲಗೆ ಮುಂದೆ ಜಾರುತ್ತದೆ. ಕೂರುವ ಜಾಗ ಮುಟ್ಟಿದ ತಕ್ಷಣ, ಕೇಪು ಏರಿಸುವ ಮೊದಲು, ರ‍್ಯಾಮ್‌ರಾಡ್ ಇಳಿಸಿ ಎರಡನೆಯ ಗೆರೆ ಬಾಯಂಚಿಗೆ ಸರಿಯಾಗಿ ಬಂತೇ ನೋಡಿಕೊಳ್ಳಿ.