ಪಕ್ಕದ ಮನೆಯವರ ವೋಟು

2025ರ ಜೂನ್‌ನಲ್ಲಿ, ಗೀರ್ಟ್ ವಿಲ್ಡರ್ಸ್ ಮೈತ್ರಿಯಿಂದ ಎದ್ದು ಹೋಗಿ ನೆದರ್ಲೆಂಡ್ಸ್ ಸರ್ಕಾರ ಬಿದ್ದ ಮಂಗಳವಾರ ಸಂಜೆ ಪಕ್ಕದ ಮನೆಯ ಅಜ್ಜ ಬೇಲಿ ಗಿಡ ಕತ್ತರಿಸುತ್ತಿದ್ದರು. ನನ್ನನ್ನು ಕಂಡವರೇ, "ನಾನು ವೋಟು ಹಾಕಿದ್ದು ವಿಲ್ಡರ್ಸ್‌ಗೇ. ಆದರೆ ಅವನು ಸರ್ಕಾರ ನಡೆಸಲಿ ಅಂತ ಹಾಕಿರಲಿಲ್ಲ" ಅಂದರು. ಮತ್ತೆ ಕತ್ತರಿ ಆಡಿಸತೊಡಗಿದರು.

ಮತ್ಯಾಕೆ ಹಾಕಿದ್ದು ಮಾರಾಯ್ರೇ? ಕೇಳಲಿಲ್ಲ. ಆ ಮಾತು ಮಾತ್ರ ತಲೆಯಿಂದ ಹೋಗ್ತಾನೇ ಇಲ್ಲ.

ಒಳ್ಳೆಯ ಮನುಷ್ಯ. ನಾವು ಊರಿಗೆ ಹೋದಾಗ ಮನೆ ಕೀಲಿ ಅವರ ಹತ್ತಿರವೇ ಇರುತ್ತದೆ. ಮಗಳಿಗೆ ಬಾಡಿಗೆ ಮನೆ ಸಿಗದೆ ಇನ್ನೂ ಅವರ ಅಟ್ಟದ ಕೋಣೆಯಲ್ಲೇ ಇದ್ದಾಳೆ. ಮನೆಗಳನ್ನೆಲ್ಲ ಆಶ್ರಯ ಕೇಳಿ ಬಂದವರಿಗೆ ಕೊಟ್ಟುಬಿಡ್ತಾರೆ ಅನ್ನುವುದು ಅವರ ಸಿಟ್ಟು. ಬೇಕಾದಷ್ಟು ಮನೆ ಕಟ್ಟದೇ ಇದ್ದವರ ಮೇಲೆ ಯಾಕೋ ಆ ಸಿಟ್ಟು ತಿರುಗುವುದೇ ಇಲ್ಲ.

ಸಮ್ಮಿಶ್ರ ಸರ್ಕಾರ ಬೀಳುವುದು ಕನ್ನಡಿಗರಿಗೇನು ಹೊಸದಲ್ಲ. ಆದರೆ ಇಲ್ಲಿ ನಡೆದದ್ದು ಸ್ವಲ್ಪ ವಿಚಿತ್ರ. 2023ರ ನವೆಂಬರ್‌ನ ಚುನಾವಣೆಯಲ್ಲಿ ವಿಲ್ಡರ್ಸ್‌ನ ಕಡು ಬಲಪಂಥೀಯ ಪಕ್ಷ ಪಿವಿವಿಗೆ ಸಂಸತ್ತಿನ 150ರಲ್ಲಿ 37 ಸೀಟು ಬಂತು. ಗೆದ್ದವರು ಅಷ್ಟಿದ್ದರೂ ಆ ಪಕ್ಷಕ್ಕೆ ಇದ್ದ ಅಧಿಕೃತ ಸದಸ್ಯ ಒಬ್ಬನೇ, ಅದು ಅವನೇ! ವಿವಿಡಿ, ಎನ್‌ಎಸ್‌ಸಿ, ಬಿಬಿಬಿ ಅನ್ನುವ ಇನ್ನು ಮೂರು ಪಕ್ಷ ಸೇರಿ ಒಟ್ಟು 88 ಆಯಿತು. ಪ್ರಧಾನಿ ಕುರ್ಚಿ ಮಾತ್ರ ಅವನಿಗೆ ಕೊಡುವುದು ಬೇಡ ಅಂತ ಯಾವ ಪಕ್ಷಕ್ಕೂ ಸೇರದ ಡಿಕ್ ಸ್ಕೋಫ್ ಅನ್ನುವ ಅಧಿಕಾರಿಯನ್ನು ತಂದು ಕೂರಿಸಿದರು. ಇಷ್ಟಾದರೆ ಹುಲಿ ಬೋನಿಗೆ ಬಿತ್ತು ಅಂದುಕೊಂಡರೋ ಏನೋ. 2012ರಲ್ಲಿ ವಿವಿಡಿಯ ಪ್ರಧಾನಿ ರುಟ್ಟೆಯ ಮೊದಲ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟು ಕೈಕೊಟ್ಟವನೂ ಇವನೇ ಅಲ್ವಾ? ಈಗ ಬೇಜವಾಬ್ದಾರಿ ಅಂತ ವಿವಿಡಿ ನಾಯಕಿ ಕೂಗಾಡುವುದನ್ನು ಟಿವಿಯಲ್ಲಿ ನೋಡಿ ನಗು ಬಂತು.

ಅಜ್ಜನಿಗೂ ಒಮ್ಮೆ ಸಿಟ್ಟು ಬಂದದ್ದಿದೆ. ರಾಜನ ಹುಟ್ಟುಹಬ್ಬದ ಹೊತ್ತಿಗೆ ಇಲ್ಲಿ ಊರೂರಿನ ಸ್ವಯಂಸೇವಕರಿಗೆ ಪದಕ ಕೊಡುತ್ತಾರೆ. 2025ರಲ್ಲಿ ಆಶ್ರಯ ಕೇಳಿ ಬಂದವರಿಗೆ ನೆರವಾದ ಕೆಲವರ ಹೆಸರೂ ಅದರಲ್ಲಿತ್ತು. ತನ್ನ ನೀತಿಗೆ ವಿರುದ್ಧ ಅಂತ ಆಶ್ರಯ ಖಾತೆಯ ಪಿವಿವಿ ಸಚಿವೆ ಮರ್ಯೊಲೈನ್ ಫಾಬರ್ ಸಹಿ ಹಾಕಲೇ ಇಲ್ಲ. ಕೊನೆಗೆ ಸ್ಕೋಫ್ ಹಾಕಬೇಕಾಯಿತು. ಅಜ್ಜ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬಿಟ್ಟಿ ದುಡಿದವರು. "ಒಂದು ರಿಬ್ಬನ್ ಕೊಡೋಕೂ ಆಗಲ್ವಾ ಇವಳಿಗೆ?" ಅಂತ ಅವತ್ತು ಬೈದಿದ್ದರು. ಅವರು ವೋಟು ಹಾಕಿದ್ದು ಮೇಲಿನವರಿಗೆ ಬಿಸಿ ಮುಟ್ಟಲಿ ಅಂತ. ಆ ವೋಟು ಸಚಿವೆಯಾಗಿ ಕುರ್ಚಿಯಲ್ಲಿ ಕೂತು, ಪೆನ್ನು ಕೆಳಗಿಡುತ್ತದೆ ಅಂತ ಅವರು ಅಂದುಕೊಂಡಿರಲಿಲ್ಲ.

ನನ್ನ ಚಿಂತೆ ಬೇರೆ. ಇಲ್ಲಿನ ಪೌರತ್ವಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕು ಅಂತ 2024ರ ಮೈತ್ರಿ ಒಪ್ಪಂದದಲ್ಲಿ ಬರೆದುಕೊಂಡಿದ್ದರು. ಒಪ್ಪಿಕೊಂಡದ್ದು ನಾಲ್ಕೂ ಪಕ್ಷ. ವಿಲ್ಡರ್ಸ್ ಎದ್ದು ಹೋದ, ಸರಿ. ಮಿಕ್ಕ ಮೂವರು ಹತ್ತರಿಂದ ಐದಕ್ಕೆ ಇಳಿಯುತ್ತಾರಾ? ನನಗೇನೂ ನಂಬಿಕೆಯಿಲ್ಲ. ಅವನ ಮಾತನ್ನು ಅವನಿಲ್ಲದೆಯೂ ಆಡುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ.

2025ರ ಅಕ್ಟೋಬರ್ 29ಕ್ಕೆ ಚುನಾವಣೆ ಅಂತ ಅದೇ ವಾರ ಶುಕ್ರವಾರ ಹೇಳಿದರು. ಈ ಸಲ ಯಾರಿಗೆ ಅಂತ ಅಜ್ಜನನ್ನು ಕೇಳಿಯೇಬಿಟ್ಟೆ.

"ಅವನಿಗಂತೂ ಅಲ್ಲ," ಅಂದರು. "ಬೇರೆಯವರೂ ಈಗ ಅದನ್ನೇ ಹೇಳ್ತಾರಲ್ಲ."