ಕಾಲು ಮುರಿದ ಎಫ್

ಸಿಂಕ್ಲೇರ್ ಕಂಪನಿಯ ಹಳೆಯ ಮನೆಬಳಕೆಯ ಕಂಪ್ಯೂಟರ್ ಸ್ಪೆಕ್ಟ್ರಮ್‌ನ ಮೆಮೊರಿಯನ್ನು 16ಕೆಯಿಂದ (ಕೆ ಎಂದರೆ ಕಿಲೋಬೈಟ್) 48ಕೆಗೆ ಏರಿಸುವುದು ಕಾಗದದ ಮೇಲೆ ಬಹಳ ಸುಲಭದ ಕೆಲಸ. ನನ್ನ ಬೋರ್ಡಿನಲ್ಲಿ ಅದಕ್ಕೆಂದೇ ಹನ್ನೆರಡು ಸಾಕೆಟ್‌ಗಳು ಖಾಲಿ ಇದ್ದವು. ಎಂಟಕ್ಕೆ ಮೆಮೊರಿ ಚಿಪ್, ಉಳಿದ ನಾಲ್ಕಕ್ಕೆ ಅವುಗಳನ್ನು ನಡೆಸುವ ಲಾಜಿಕ್ ಚಿಪ್: 74ಎಲ್‌ಎಸ್157 ಎರಡು, 74ಎಲ್‌ಎಸ್32 ಒಂದು, 74ಎಲ್‌ಎಸ್00 ಒಂದು. ಜೊತೆಗೆ ಒಂದು ತುಂಡು ತಂತಿಯನ್ನು ಸರಿಯಾದ ತೂತುಗಳಿಗೆ ಬೆಸೆದರೆ ಮುಗಿಯಿತು. 1982ರ ಏಪ್ರಿಲ್‌ನಲ್ಲಿ ಈ ಕಂಪ್ಯೂಟರ್ ಬ್ರಿಟನ್ನಿನಲ್ಲಿ ಬಿಡುಗಡೆಯಾದಾಗ 16ಕೆ ಮಾದರಿಯ ಬೆಲೆ 125 ಪೌಂಡ್, 48ಕೆ ಮಾದರಿಯದು 175 ಪೌಂಡ್. ಸದ್ಯಕ್ಕೆ ಅಗ್ಗದ್ದನ್ನು ಕೊಂಡು, ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ ಮೆಮೊರಿ ಹಾಕಿಸಿಕೊಂಡವರು ಬಹಳ ಮಂದಿ. ನನಗೆ ಸಿಕ್ಕ ಯಂತ್ರದ ಹಳೆಯ ಒಡೆಯನಿಗೆ ಆ ದಿನ ಬರಲಿಲ್ಲವೆಂದು ಕಾಣುತ್ತದೆ. ನಲವತ್ತು ವರ್ಷಗಳ ಮೇಲೂ ಸಾಕೆಟ್‌ಗಳು ದೂಳು ಕುಡಿಯುತ್ತ ಬಾಯಿ ತೆರೆದುಕೊಂಡೇ ಇದ್ದವು. ಹಳೆಯ ಯಂತ್ರವನ್ನು ಇದ್ದ ಹಾಗೆಯೇ ಇಡಬೇಕೆನ್ನುವವರ ವಾದ ನನಗೆ ಗೊತ್ತು. ಆದರೆ ಖಾಲಿ ಸಾಕೆಟ್ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಹೊಸದಾಗಿ ಸೇರುವ, ವಿಳಾಸಗಳ ಸಾಲಿನಲ್ಲಿ ಮೇಲಿರುವ ಈ 32ಕೆ ಮೆಮೊರಿಗೆ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಅದಕ್ಕೆ ಬಳಸುತ್ತಿದ್ದದ್ದು ನಿಜಕ್ಕೂ 64 ಕಿಲೋಬಿಟ್‌ನ ಚಿಪ್‌ಗಳನ್ನು. ಕಾರ್ಖಾನೆಯ ಪರೀಕ್ಷೆಯಲ್ಲಿ ಒಂದು ಅರ್ಧ ಕೆಟ್ಟಿದೆ, ಇನ್ನೊಂದು ಅರ್ಧ ಚೆನ್ನಾಗಿದೆ ಎಂದು ತಿಳಿದವು ಅಗ್ಗಕ್ಕೆ ಸಿಗುತ್ತಿದ್ದವು. ಚೆನ್ನಾಗಿರುವ ಅರ್ಧವನ್ನು ಮಾತ್ರ ಬಳಸುವಂತೆ ಬೋರ್ಡನ್ನು ರೂಪಿಸಲಾಗಿತ್ತು. ಯಾವ ಅರ್ಧ ಎನ್ನುವುದನ್ನು ಹೇಳುವುದೇ ಆ ತುಂಡು ತಂತಿಯ ಕೆಲಸ. ಜಿಪುಣತನವೋ ಜಾಣತನವೋ, ನನಗಂತೂ ಮೆಚ್ಚುಗೆಯೇ. ನಾನು ತರಿಸಿದ್ದೂ ಅದೇ ಬಗೆಯ ಹಳೆಯ ದಾಸ್ತಾನಿನ ಚಿಪ್‌ಗಳು, ಎಂಟರ ಮೇಲೂ ಒಂದೇ ಗುರುತು. ಕೂರಿಸುವಾಗ ಎಚ್ಚರ ವಹಿಸಬೇಕಾದದ್ದು ದಿಕ್ಕಿನ ವಿಷಯದಲ್ಲಿ. ಪಕ್ಕದ 74ಎಲ್‌ಎಸ್157ಕ್ಕೆ ಎಂಟನೆಯ ಕಾಲು ಗ್ರೌಂಡ್, ಹದಿನಾರನೆಯದು 5 ವೋಲ್ಟ್. ಈ ಮೆಮೊರಿ ಚಿಪ್‌ಗಳಲ್ಲಿ ಅದು ತಿರುಗುಮುರುಗು: ಎಂಟು 5 ವೋಲ್ಟ್, ಹದಿನಾರು ಗ್ರೌಂಡ್.

ವಿದ್ಯುತ್ ಕೊಟ್ಟೆ. ಪರದೆ ಕಪ್ಪಾಗಿ, ಅದರ ಮೇಲೆ ಕೂದಲೆಳೆಯಂಥ ಕೆಂಪು ಗೆರೆಗಳು ಉದ್ದುದ್ದಕ್ಕೆ ನಿಂತವು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿದ್ದ ಈ ದೃಶ್ಯ ಈಗ ತುಸು ಹೊತ್ತು ನಿಂತಿತು, ಎಣಿಸಬೇಕಾದ ಮೆಮೊರಿ ಮೂರು ಪಟ್ಟು ಆಗಿತ್ತಲ್ಲ. ಆಮೇಲೆ ಬಿಳಿ ಪರದೆ, ಕೆಳಗೆ 1982ರ ಹಕ್ಕುಸ್ವಾಮ್ಯದ ಸಾಲು. ಮೆಮೊರಿಯ ಕೊನೆ ಎಲ್ಲಿದೆ ಎನ್ನುವುದನ್ನು ಯಂತ್ರ 23732 ಮತ್ತು 23733ನೆಯ ವಿಳಾಸಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡನ್ನೂ ಪೀಕ್ ಮಾಡಿ, ಅಂದರೆ ಅಲ್ಲಿರುವ ಸಂಖ್ಯೆಗಳನ್ನು ಓದಿ, ಎರಡನೆಯದನ್ನು 256ರಿಂದ ಗುಣಿಸಿ ಕೂಡಿಸಿದೆ. ಮೊದಲ 16ಕೆ ವಿಳಾಸಗಳು ರೋಮ್‌ನವು, ಅಂದರೆ ಯಂತ್ರದ ಸ್ವಂತ ಪ್ರೋಗ್ರಾಮ್ ಇರುವ, ಬದಲಿಸಲಾಗದ ಮೆಮೊರಿಯವು. ಹಾಗಾಗಿ 16ಕೆ ಯಂತ್ರದಲ್ಲಿ 32767 ಬರಬೇಕು, ಆ ಜಾಗದಲ್ಲಿ 65535 ಬಂತು. ಒಂದು ಬೈಟೂ ಕಡಿಮೆಯಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಆಟಗಳಲ್ಲಿ. ಯಂತ್ರದೊಳಗೇ ಇರುವ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್‌ನಲ್ಲಿ ಏನು ಬರೆದರೂ ತಕರಾರಿಲ್ಲದೆ ಓಡುತ್ತಿತ್ತು. 16ಕೆ ಆಟಗಳೂ ಮೊದಲಿನಂತೆಯೇ ನಡೆಯುತ್ತಿದ್ದವು. 48ಕೆ ಆಟ ಮಾತ್ರ ಕ್ಯಾಸೆಟ್ಟಿನಿಂದ ನೆಟ್ಟಗೆ ಲೋಡ್ ಆಗಿ, ಚಿತ್ರ ತೋರಿಸಿ, ನಾಲ್ಕು ಹೆಜ್ಜೆ ಆಡಿಸಿ, ಪರದೆಯ ತುಂಬ ಬಣ್ಣದ ಚೌಕಗಳನ್ನು ಚೆಲ್ಲಿ ಸತ್ತುಹೋಗುತ್ತಿತ್ತು. ಇನ್ನೊಂದು ಆಟ ಮೊದಲ ಕೀಲಿ ಒತ್ತಿದೊಡನೆ ಯಂತ್ರವನ್ನೇ ರೀಸೆಟ್ ಮಾಡಿಬಿಡುತ್ತಿತ್ತು. ಇದೇ ಗೀಳು ಹತ್ತಿಸಿಕೊಂಡಿರುವ ಗೆಳೆಯನಿಗೆ ಫೋನ್ ಮಾಡಿದೆ.

"65535 ಬಂತು ತಾನೆ? ಹಾಗಿದ್ದರೆ ಮೆಮೊರಿಯ ಮೇಲೆ ಯಾಕೆ ಅನುಮಾನಪಡುತ್ತೀಯ? ಕ್ಯಾಸೆಟ್ ಹಾಳಾಗಿರಬೇಕು ನೋಡು" ಎಂದ.

ಕ್ಯಾಸೆಟ್ ಹಾಳಾಗಿದ್ದರೆ ಲೋಡ್ ಆಗುವಾಗಲೇ 'ಆರ್ ಟೇಪ್ ಲೋಡಿಂಗ್ ಎರರ್' ಬರಬೇಕಿತ್ತು. ಬಂದಿರಲಿಲ್ಲ. ವೋಲ್ಟೇಜ್‌ಗಳನ್ನು ಅಳೆದೆ. ಕೆಳಗಿನ 16ಕೆಯ 4116 ಚಿಪ್‌ಗಳಿಗೆ +5, +12, −5 ಎಂದು ಮೂರು ಬಗೆಯ ವಿದ್ಯುತ್ ಬೇಕು, ಮೂರೂ ಸರಿಯಾಗಿದ್ದವು. ಹೊಸ ಚಿಪ್‌ಗಳಿಗೆ ಬೇಕಾದ 5 ವೋಲ್ಟ್ ಅಂತೂ ಗಟ್ಟಿಯಾಗಿತ್ತು. ತಂತಿಯ ತುಂಡು ಸರಿಯಾದ ಜಾಗದಲ್ಲೇ ಇತ್ತು. ಸಾಕೆಟ್‌ಗಳನ್ನು ಸ್ವಚ್ಛ ಮಾಡಿ ಚಿಪ್‌ಗಳನ್ನು ಮತ್ತೆ ಕೂರಿಸಿದ್ದೂ ಆಯಿತು. ಆಟ ಅದೇ ಜಾಗದಲ್ಲಿ ಸತ್ತಿತು. ಅದೇ ಜಾಗದಲ್ಲಿ ಎನ್ನುವುದು ಒಂದು ಸಮಾಧಾನ. ಮನಬಂದ ಹಾಗೆ ಬಂದು ಹೋಗುವ ದೋಷ ಹುಡುಕುವವನನ್ನು ಹಣ್ಣು ಮಾಡುತ್ತದೆ. ಹಟಮಾರಿ ದೋಷ ಒಂದಲ್ಲ ಒಂದು ಹೊತ್ತಿಗೆ ಸಿಕ್ಕಿಬೀಳುತ್ತದೆ.

ಆಗ ಕುಳಿತು, ಯಂತ್ರ ಆ 65535 ಅನ್ನು ಹೇಗೆ ಕಂಡುಕೊಳ್ಳುತ್ತದೆ ಎಂದು ಮೆಮೊರಿಯ ಲೆಕ್ಕ ಹಾಕುವ ರೋಮ್ ಭಾಗವನ್ನು ಓದಿದೆ. ಮೆಮೊರಿಯ ತುದಿಯಿಂದ ಕೆಳಕ್ಕೆ ಪ್ರತಿ ಬೈಟಿನಲ್ಲೂ 2 ಎಂದು ಬರೆಯುತ್ತ ಬರುತ್ತದೆ. ಆ ಕೆಂಪು ಗೆರೆಗಳು ಪರದೆಯ ಮೆಮೊರಿಗೂ ಬಿದ್ದ ಅದೇ 2. ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗುತ್ತ ಪ್ರತಿ ಬೈಟಿನಿಂದ ಒಂದನ್ನು ಕಳೆಯುತ್ತದೆ, ಸೊನ್ನೆಯಾಗಿರಬಾರದು. ಇನ್ನೊಂದನ್ನು ಕಳೆಯುತ್ತದೆ, ಸೊನ್ನೆಯಾಗಿರಲೇಬೇಕು. ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿಗೆ ಮೆಮೊರಿ ಮುಗಿಯಿತೆಂದು ಬರೆದುಕೊಳ್ಳುತ್ತದೆ. ಕೆಲವೇ ಸೂಚನೆಗಳಲ್ಲಿ ಮುಗಿಯುವ ಅಚ್ಚುಕಟ್ಟಾದ ಕೆಲಸ.

ಆದರೆ 2, 1, 0 ಈ ಮೂರೇ ಸಂಖ್ಯೆಗಳನ್ನು ಬಳಸಿದರೆ ಬೈಟಿನ ಎಂಟು ಬಿಟ್‌ಗಳಲ್ಲಿ ಕೆಳಗಿನ ಎರಡು ಮಾತ್ರ ಅಲುಗಾಡುತ್ತವೆ. ಮೇಲಿನ ಆರೂ ಉದ್ದಕ್ಕೂ ಸೊನ್ನೆಯೇ. ಅವುಗಳಲ್ಲಿ ಒಂದು ಬಿಟ್ ಒಂದಕ್ಕೆ ಅಂಟಿಕೊಂಡಿದ್ದರೆ ಈ ಪರೀಕ್ಷೆ ಹಿಡಿಯುತ್ತದೆ. ಸೊನ್ನೆಗೆ ಅಂಟಿಕೊಂಡಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬರೆದ ರೋಮ್‌ಕಾರನನ್ನು ದೂರುವಂತಿಲ್ಲ. ಅವನಿಗೆ ಬೇಕಿದ್ದದ್ದು 16ಕೆಯೋ 48ಕೆಯೋ ಎನ್ನುವುದಷ್ಟೇ. ಮೇಷ್ಟ್ರು ಹಾಜರಿ ಕರೆದಂತೆ, ಮಕ್ಕಳು 'ಬಂದಿದ್ದೇನೆ ಸಾರ್' ಎಂದರೆ ಸಾಕು, ಪಾಠ ಒಪ್ಪಿಸಬೇಕಾಗಿಲ್ಲ.

ಕ್ಯಾಸೆಟ್ಟಿನ ಕಡೆಯೂ ಇದೇ ಕಥೆ. ಲೋಡ್ ಮಾಡುವಾಗ ಯಂತ್ರ ಟೇಪಿನಿಂದ ಬಂದ ಬೈಟನ್ನು ಪ್ರೊಸೆಸರಿನೊಳಗೇ ತಾಳೆ ನೋಡಿ ಮೆಮೊರಿಗೆ ಹಾಕುತ್ತದೆಯೇ ಹೊರತು, ಹಾಕಿದ್ದನ್ನು ಮತ್ತೆ ಓದಿ ನೋಡುವುದಿಲ್ಲ. ಓದಿ ನೋಡುವುದು ವೆರಿಫೈ ಆಜ್ಞೆ ಮಾತ್ರ. ರೋಮ್‌ನ 16ಕೆಯನ್ನೇ ಟೇಪಿಗೆ ಸೇವ್ ಮಾಡಿ, ಅದನ್ನು 32768ರಿಂದ ಲೋಡ್ ಮಾಡಿದೆ. ತೊಂದರೆಯಿಲ್ಲದೆ ಆಯಿತು. ಟೇಪನ್ನು ಹಿಂದಕ್ಕೆ ಸುತ್ತಿ, ಅದೇ ಜಾಗಕ್ಕೆ ವೆರಿಫೈ ಕೊಟ್ಟೆ. 'ಆರ್ ಟೇಪ್ ಲೋಡಿಂಗ್ ಎರರ್.' ಅದೇ ಟೇಪು ಲೋಡ್ ಆಗುವಾಗ ಸರಿ, ತಾಳೆ ನೋಡುವಾಗ ತಪ್ಪು ಎಂದಮೇಲೆ ಗೆಳೆಯನ ಕ್ಯಾಸೆಟ್ ವಾದ ಅಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಬೇಸಿಕ್‌ನ ಮೂರು ಸಾಲು. ಎಲ್ಲಿಗೆ ಹಿಂದಿರುಗಬೇಕು ಎಂಬಂಥ ಟಿಪ್ಪಣಿಗಳನ್ನು ಯಂತ್ರ ಪೇರಿಸಿಡುವ ಜಾಗ, ಅಂದರೆ ಸ್ಟ್ಯಾಕ್, ಮೇಲಿನ ಮೆಮೊರಿಯ ತುದಿಯಲ್ಲಿರುವುದರಿಂದ ಮೊದಲು 'ಕ್ಲಿಯರ್ 32767' ಕೊಟ್ಟು ಅದನ್ನು ಕೆಳಗಿಳಿಸಬೇಕು. ಆಮೇಲೆ 32768ರಿಂದ 65367ರವರೆಗೆ ಪ್ರತಿ ವಿಳಾಸಕ್ಕೂ 255 ಪೋಕ್ ಮಾಡಿ, ಅಂದರೆ ಬರೆದು, ಪೀಕ್ ಮಾಡಿದಾಗ 255 ಬರದಿದ್ದರೆ ವಿಳಾಸವನ್ನೂ ಬಂದ ಬೆಲೆಯನ್ನೂ ಮುದ್ರಿಸುವುದು. ಶುರುವಾದ ಕ್ಷಣದಲ್ಲೇ 32773 ಬಿತ್ತು, ಬೆಲೆ 191. ತುಸು ತಡೆದು 32901, ಬೆಲೆ 191. ಮತ್ತೆ 33029. ಪರದೆ ತುಂಬಿದಾಗಲೆಲ್ಲ ಯಂತ್ರ 'ಸ್ಕ್ರೋಲ್?' ಎಂದು ಕೇಳುತ್ತದೆ, ಒಂದು ಕೀಲಿ ಒತ್ತಬೇಕು, ಒತ್ತುತ್ತ ಕುಳಿತೆ. ಎಲ್ಲೆಲ್ಲೂ 128ರ ಅಂತರ, ಎಲ್ಲೆಲ್ಲೂ 191. ಈ ಬಗೆಯ ಮೆಮೊರಿ ಚಿಪ್‌ನೊಳಗೆ ಬಿಟ್‌ಗಳು ಅಡ್ಡಸಾಲು ಕಂಬಸಾಲುಗಳಲ್ಲಿರುತ್ತವೆ. ಅಡ್ಡಸಾಲನ್ನು ಆರಿಸುವುದು ವಿಳಾಸದ ಕೆಳಗಿನ ಏಳು ಬಿಟ್‌ಗಳು. ಹಾಗಾಗಿ 128ಕ್ಕೊಮ್ಮೆ ಬರುವ ದೋಷವೆಂದರೆ ಒಂದೇ ಒಂದು ಅಡ್ಡಸಾಲು ಸತ್ತಿದೆ ಎಂದರ್ಥ. 255ರಲ್ಲಿ 191 ಕಳೆದರೆ 64, ಅಂದರೆ ಸೊನ್ನೆಯಿಂದ ಎಣಿಸಿದರೆ ಆರನೆಯ ಬಿಟ್.

ಕೊನೆಯದಾಗಿ ಬಂದದ್ದು 65285. ಅದಕ್ಕೆ 128 ಕೂಡಿಸಿದರೆ 65413. ನಾನು ಮುಟ್ಟದೆ ಬಿಟ್ಟ ಜಾಗವದು, ಬಳಕೆದಾರ ತಾನೇ ಬರೆದುಕೊಳ್ಳಬಹುದಾದ ಅಕ್ಷರಚಿತ್ರಗಳು ಅಲ್ಲಿರುತ್ತವೆ. ಯಂತ್ರ ಶುರುವಾದಾಗ ಅಲ್ಲಿಗೆ ಎ ಇಂದ ಯು ವರೆಗಿನ ಅಕ್ಷರಗಳ ನಕಲು ಬರುತ್ತದೆ, ಒಂದೊಂದಕ್ಕೆ ಎಂಟು ಬೈಟ್. 65413 ಎಂದರೆ ಎಫ್ ಅಕ್ಷರದ ಮೇಲಿನಿಂದ ಆರನೆಯ ಸಾಲು. ಆ ಸಾಲಿನಲ್ಲಿರುವುದು ಒಂದೇ ಚುಕ್ಕೆ, ಎಫ್‌ನ ಕಂಬದ್ದು, ಅದೂ ಆರನೆಯ ಬಿಟ್‌ನಲ್ಲೇ! ಕ್ಯಾಪ್ಸ್ ಶಿಫ್ಟ್ ಜೊತೆ 9 ಒತ್ತಿ ಗ್ರಾಫಿಕ್ಸ್ ಸ್ಥಿತಿಗೆ ಹೋಗಿ ಎಫ್ ಒತ್ತಿದೆ. ಮೂಡಿದ ಎಫ್‌ನ ನಡುಗೆರೆಯ ಕೆಳಗೆ ಕಾಲು ಮುರಿದಿತ್ತು. ಒಂದು ಚುಕ್ಕೆ, ಒಂದು ಖಾಲಿ ಜಾಗ, ಅದರ ಕೆಳಗೆ ಒಂಟಿಯಾಗಿ ಇನ್ನೊಂದು ಚುಕ್ಕೆ. ಯಂತ್ರ ಶುರುವಾದಾಗಿನಿಂದ ಇದು ಅಲ್ಲೇ ಇತ್ತು, ಕೇಳಿದವರಿರಲಿಲ್ಲ.

ಆಟಗಳು ಸಾಯುತ್ತಿದ್ದ ಬಗೆಯೂ ಇದರಿಂದ ತಿಳಿಯಿತು. ಜೆಡ್80 ಪ್ರೊಸೆಸರಿನಲ್ಲಿ 'ಕರೆದಲ್ಲಿಗೆ ಹಿಂದಿರುಗು' ಎನ್ನುವ ಸೂಚನೆ 201. ಆರನೆಯ ಬಿಟ್ ಬಿದ್ದುಹೋದರೆ ಅದು 137, ಅಂದರೆ ಒಂದು ಕೂಡುವ ಲೆಕ್ಕ. ಹಿಂದಿರುಗಬೇಕಾದವನು ಲೆಕ್ಕ ಮಾಡುತ್ತ ಮುಂದಕ್ಕೇ ನಡೆದುಬಿಡುತ್ತಾನೆ. ಕರೆಯುವ ಸೂಚನೆ 205, ಜಿಗಿಯುವ ಸೂಚನೆ 195, ಇವುಗಳಿಗೂ ಅದೇ ಗತಿ. ಬೇಸಿಕ್ ಬದುಕಿದ್ದಕ್ಕೆ ಕಾರಣವೂ ಸರಳ. ಚಿಕ್ಕ ಪ್ರೋಗ್ರಾಮ್‌ಗಳು ಕೆಳಗಿನ 16ಕೆಯಲ್ಲೇ ಇರುತ್ತವೆ. ಮೇಲಿರುವ ಸ್ಟ್ಯಾಕ್ ಸಾಮಾನ್ಯ ಬಳಕೆಯಲ್ಲಿ 65285ರಷ್ಟು ಕೆಳಗೆ ಇಳಿಯುವುದು ಅಪರೂಪ.

ಒಂದೊಂದು ಚಿಪ್ ಬೈಟಿನ ಒಂದೊಂದು ಬಿಟ್ ಇಟ್ಟುಕೊಳ್ಳುವುದರಿಂದ ಅಪರಾಧಿ ಯಾರೆಂದು ಹುಡುಕುವುದು ಕಷ್ಟವಲ್ಲ. ವಿದ್ಯುತ್ ತೆಗೆದು, ನೇರ ಸಂಪರ್ಕ ಸಿಕ್ಕರೆ ಕೂಗುವಂತೆ ಮಲ್ಟಿಮೀಟರನ್ನು ಇಟ್ಟುಕೊಂಡು, ಅದರ ಒಂದು ಕಡ್ಡಿಯನ್ನು ಆರನೆಯ ಬಿಟ್ ಓಡಾಡುವ ಜೆಡ್80ರ ಹತ್ತನೆಯ ಕಾಲಿಗೆ ಇಟ್ಟು, ಇನ್ನೊಂದನ್ನು ಮೆಮೊರಿ ಚಿಪ್‌ಗಳಿಗೆ ಬಿಟ್ ಒಳಹೋಗುವ ಎರಡನೆಯ ಕಾಲುಗಳ ಮೇಲೆ ಆಡಿಸಿದೆ. ಕೆಳಗಿನ ಮೆಮೊರಿಯ ದಾರಿಯಲ್ಲಿ 470 ಓಮ್‌ನ ರೆಸಿಸ್ಟರ್‌ಗಳಿವೆ, ಅಲ್ಲಿ ಮೀಟರ್ ಕೂಗುವುದಿಲ್ಲ. ಮೇಲಿನ ಎಂಟರಲ್ಲಿ ಒಂದೇ ಒಂದು ಕೂಗಿತು. ಅದನ್ನು ತಕ್ಷಣ ಎಸೆಯುವಂತಿಲ್ಲ, ಸಾಕೆಟ್ಟೋ ಬೋರ್ಡೋ ಕೆಟ್ಟಿರಬಹುದು. ಐದನೆಯ ಬಿಟ್‌ನ ಚಿಪ್ ಜೊತೆ ಜಾಗ ಅದಲುಬದಲು ಮಾಡಿ ಮತ್ತೆ ಶುರು ಮಾಡಿದೆ. ಎಫ್ ಈಗ ಇಡಿಯಾಗಿತ್ತು! ಆದರೆ ಪಟ್ಟಿಯಲ್ಲಿ 32773 ಮತ್ತೆ ಬಂತು, ಈ ಸಲ ಬೆಲೆ 223. ದೋಷ ಚಿಪ್‌ನ ಜೊತೆಗೇ ಐದನೆಯ ಬಿಟ್‌ಗೆ ಹೋಗಿತ್ತು. ಎಫ್‌ನ ಆ ಸಾಲಿನಲ್ಲಿ ಐದನೆಯ ಬಿಟ್ ಹೇಗೂ ಸೊನ್ನೆಯೇ ಆದ್ದರಿಂದ ಅಕ್ಷರ ಮಾತ್ರ ಗುಣವಾದಂತೆ ಕಂಡಿತು. ಅದನ್ನೊಂದೇ ನೋಡಿ ಕವಚ ಮುಚ್ಚಿಬಿಡುವ ಆಸೆ ಯಾರಿಗಾದರೂ ಆಗುತ್ತಿತ್ತು.

ಆ ಜಾಗಕ್ಕೆ ಎರಡೂ ಅರ್ಧ ಚೆನ್ನಾಗಿರುವ 4164 ಹಾಕಿದೆ. ತಂತಿ ಯಾವ ಅರ್ಧವನ್ನು ಆರಿಸಿದರೂ ಅದಕ್ಕೆ ಚಿಂತೆಯಿಲ್ಲ. 255, 0, 170, 85 ಹೀಗೆ ಎಲ್ಲ ಬಿಟ್‌ಗಳೂ ಎರಡೂ ಕಡೆ ತಿರುಗುವಂತೆ ಪರೀಕ್ಷೆ ಓಡಿಸಿದಾಗ ಪರದೆಯ ಮೇಲೆ ಒಂದು ಸಂಖ್ಯೆಯೂ ಬೀಳಲಿಲ್ಲ, ವೆರಿಫೈ ಕೂಡ ಒಪ್ಪಿಕೊಂಡಿತು, ಆಟ ಸಾಯುತ್ತಿದ್ದ ಜಾಗವನ್ನು ದಾಟಿತು. ಕೆಟ್ಟ ಚಿಪ್ ಅನ್ನು ಎಸೆದಿಲ್ಲ, 'ಒಂದು ಸಾಲು ಸತ್ತಿದೆ' ಎಂದು ಚೀಟಿ ಅಂಟಿಸಿ ಇಟ್ಟಿದ್ದೇನೆ. ಇನ್ನು ಮುಂದೆ ಯಾರಾದರೂ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮ್ ಕೊಟ್ಟರೆ ಮೊದಲು ಈ ಚಿಪ್ ಹಾಕಿ ಓಡಿಸುತ್ತೇನೆ. ಇದನ್ನು ಹಿಡಿಯದ ಪ್ರೋಗ್ರಾಮ್ ನನಗೆ ಬೇಡ.