ಸಂವಾದ ಸಹಾಯಕದ ಮಾತು ತಿದ್ದುವ ಕೆಲಸ: ಮೂರನೆಯ ತಿಂಗಳ ಟಿಪ್ಪಣಿ

ಮಾನ್ವಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಮುಕ್ತ ಭಾಷಾ ಮಾದರಿಯನ್ನು (ಅಂದರೆ ಬರೆದು ಕೇಳಿದ್ದಕ್ಕೆ ಬರೆದು ಉತ್ತರಿಸುವ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಎಐ ಪ್ರೋಗ್ರಾಮನ್ನು) ಅಳವಡಿಸಿ, ಅದು ಮನೆಯವರ ಮತ್ತು ನೆರೆಯವರ ಪ್ರಶ್ನೆಗಳಿಗೆ ಕನ್ನಡದಲ್ಲಿ ಉಪಯೋಗಕ್ಕೆ ಬರುವಂತೆ ಉತ್ತರಿಸಬೇಕೆಂದು ಹಿಡಿದಿರುವ ಕೆಲಸಕ್ಕೆ ಈಗ ಮೂರು ತಿಂಗಳು ತುಂಬಿತು. ಈ ತಿಂಗಳು ಅದರ ಮಾತಿನ ರೀತಿಯನ್ನಷ್ಟೇ ತಿದ್ದಿದ್ದೇನೆ.

ಮೊದಲು ಎದುರಾದದ್ದು ಹೊಗಳಿಕೆ. ಏನು ಕೇಳಿದರೂ ‘ಬಹಳ ಒಳ್ಳೆಯ ಪ್ರಶ್ನೆ’ ಎಂದೇ ಅದು ಮಾತು ತೆಗೆಯುತ್ತಿತ್ತು. ಜನರು ಮೆಚ್ಚಿದ ಉತ್ತರಗಳ ಆಧಾರದ ಮೇಲೆ ಇಂಥ ಮಾದರಿಗಳನ್ನು ಪಳಗಿಸುವುದರಿಂದ, ಕೇಳುವವರನ್ನು ಸಂತೋಷಪಡಿಸುವ ಗುಣ ಅವುಗಳಲ್ಲಿ ಉಳಿದುಬಿಡುತ್ತದೆ. ಮಾದರಿ ಕನ್ನಡ ಪದವನ್ನು ಹಲವು ತುಣುಕುಗಳಾಗಿ ಒಡೆದು ಒಂದೊಂದಾಗಿ ಬರೆಯುತ್ತದೆ. ಹೀಗಾಗಿ ನಿಧಾನದ ಯಂತ್ರದಲ್ಲಿ ಆ ಹೊಗಳಿಕೆ ಮುಗಿಯುವವರೆಗೆ ಉತ್ತರಕ್ಕಾಗಿ ಕಾಯಬೇಕಾಗುತ್ತಿತ್ತು. ‘ಹೊಗಳಬೇಡ’ ಎಂಬ ಸೂಚನೆ ಅಷ್ಟಾಗಿ ಫಲಿಸಲಿಲ್ಲ. ನೇರವಾಗಿ ಉತ್ತರಿಸಿದ ಆರು ಪ್ರಶ್ನೋತ್ತರಗಳನ್ನು ಉದಾಹರಣೆಯಾಗಿ ಸೂಚನೆಯ ಜೊತೆಗಿಟ್ಟ ಮೇಲೆ ಹೊಗಳಿಕೆ ಬಹುಮಟ್ಟಿಗೆ ನಿಂತಿತು.

ಹೆಚ್ಚು ದಿನ ಹಿಡಿದದ್ದು ನಮ್ಮ ಸೋದರಮಾವನ ಒಂದೇ ಪ್ರಶ್ನೆ. ‘ಸರ್ಕಾರದ ರೇಟಿನಾಗ ನೆಲ್ಲು ಚೀಲಕ್ಕ ಎಷ್ಟು ಬೀಳ್ತದ?’ ಎಂದು ಅವರು ಕೇಳಿದರೆ, ಮಾದರಿ ನೆಲ್ಲಿಕಾಯಿಯ ವಿಷಯ ಹೇಳತೊಡಗಿತು. ನಮ್ಮ ಕಡೆ ನೆಲ್ಲು ಎಂದರೆ ಭತ್ತ ಎಂದು ತಿಳಿಸಿದಾಗ, ಬೆಂಬಲ ಬೆಲೆ ಎಂದರೇನು ಎಂಬುದರ ಬಗ್ಗೆ ಉದ್ದನೆಯ ವಿವರಣೆ ಬರೆಯಿತು. ಮಾವ ಅದನ್ನು ಪೂರ್ತಿ ಓದಿ, ‘ಇದರಾಗ ನಮ್ಮ ಚೀಲ ಎಲ್ಲದ ಅಳಿಯಾ?’ ಎಂದರು. ಅವರ ಮಾತು ನನ್ನ ಮನಸ್ಸಿಗೆ ನಾಟಿತು. ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದ್ದು, ನಮ್ಮವರ ವ್ಯವಹಾರ 75 ಕೆ.ಜಿ. ಚೀಲದ ಲೆಕ್ಕದ್ದು. 2024-25ರಲ್ಲಿ ‘ಎ’ ದರ್ಜೆಯ ಭತ್ತಕ್ಕೆ ಕ್ವಿಂಟಲ್‌ಗೆ 2,320 ರೂಪಾಯಿ ಇತ್ತು, ಅಂದರೆ ಚೀಲಕ್ಕೆ 1,740 ರೂಪಾಯಿ. ಬೇಕಿದ್ದ ಉತ್ತರ ಅಷ್ಟೇ. ಸಣ್ಣ ಮಾದರಿ ಗುಣಾಕಾರದಲ್ಲಿಯೂ ತಪ್ಪುವುದರಿಂದ ಲೆಕ್ಕವನ್ನು ಪ್ರತ್ಯೇಕ ಪ್ರೋಗ್ರಾಮಿಗೆ ವಹಿಸಿ, ಬೆಲೆಗಳ ಪಟ್ಟಿಯನ್ನು ನಾನೇ ತುಂಬಿಸಿಟ್ಟಿದ್ದೇನೆ.

ಮಾವನವರಿಗೆ ಅದು ನಡುನಡುವೆ ‘ನೀನು’ ಎನ್ನುತ್ತಿದ್ದುದು ನನಗೆ ಬಹಳ ನೋವು ತಂದಿತ್ತು. ಅದು ಕಲಿತ ಪಠ್ಯದಲ್ಲಿ ಹೆಚ್ಚಿನದು ಇಂಗ್ಲಿಷ್, ಅಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಈಗ ಯಾರೊಂದಿಗಾದರೂ ‘ನೀವು’ ಎಂದೇ ಮಾತನಾಡುತ್ತದೆ. ರಾಯಚೂರು ಸೀಮೆಯ ಆಡುಮಾತಿನಲ್ಲಿಯೇ ಉತ್ತರಿಸಲಿ ಎಂದು ಪ್ರಯತ್ನಿಸಿದಾಗ ಧಾರವಾಡ, ಬೆಂಗಳೂರುಗಳ ಮಾತೂ ಬೆರೆತು, ಕೇಳಿದವರಿಗೆ ಅಣಕಿಸಿದಂತೆ ಕಂಡಿತು. ಆದ್ದರಿಂದ ಭಾಷೆ ಸರಳ ಬರಹದ ಕನ್ನಡವಾಗಿದ್ದು, ಬೆಳೆ, ಅಳತೆ, ಉಪಕರಣಗಳ ಹೆಸರು ಮಾತ್ರ ಕೇಳಿದವರು ಬಳಸಿದ್ದೇ ಇರಲಿ ಎಂದು ನಿರ್ಧರಿಸಿದ್ದೇನೆ.

ಮರುಪ್ರಶ್ನೆ ಕೇಳುವುದನ್ನು ಕಲಿಸುವಾಗ ನಾನು ಅತಿ ಮಾಡಿದೆ. ಭತ್ತದ ಎಲೆ ಹಳದಿಯಾಗಿದೆ ಎಂದು ಬರೆದ ನೆರೆಮನೆಯ ಅಕ್ಕನವರಿಗೆ ಅದು ತಳಿ, ಮಣ್ಣು, ನಾಟಿಯ ದಿನ, ಎಕರೆ ಎಂದು ನಾಲ್ಕು ಪ್ರಶ್ನೆ ಹಾಕಿತು. ಅವರು ಅಲ್ಲಿಗೇ ಬಿಟ್ಟರು. ಈಗ ಉತ್ತರವನ್ನೇ ಬದಲಿಸುವ ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತದೆ: ಹಳದಿ ಹಳೆಯ ಎಲೆಗಳಿಂದ ಶುರುವಾಯಿತೇ, ಹೊಸ ಎಲೆಗಳಿಂದಲೇ? ಹಳೆಯದರಿಂದ ಆದರೆ ಸಾರಜನಕದ ಕೊರತೆಯ ಸಂದೇಹ, ಹೊಸದರಿಂದ ಆದರೆ ಗಂಧಕ ಅಥವಾ ಕಬ್ಬಿಣದ್ದು. ಔಷಧಿಯ ಪ್ರಮಾಣ ಕೇಳಿದರೆ ಊಹಿಸದೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಲು ಹೇಳುತ್ತದೆ.

ಒಂದು ತೊಂದರೆ ಇನ್ನೂ ಉಳಿದಿದೆ. ಮಾತುಕತೆ ಉದ್ದವಾದಂತೆ ಆರಂಭದ ಸೂಚನೆಗಳ ಹಿಡಿತ ಸಡಿಲವಾಗಿ ಹೊಗಳಿಕೆ ಮರಳುತ್ತದೆ. ಮುಂದಿನ ವಾರ ಆ ಸೂಚನೆಗಳನ್ನು ಚಿಕ್ಕದಾಗಿಸಿ ಪ್ರತಿ ಪ್ರಶ್ನೆಯ ಜೊತೆಗೂ ಸೇರಿಸಿ, ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುವ 40 ಪ್ರಶ್ನೆಗಳನ್ನು ಒಂದೇ ಮಾತುಕತೆಯಲ್ಲಿ ಸಾಲಾಗಿ ಕೇಳಿ ನೋಡಲಿದ್ದೇನೆ.